ಕೆಂಪು ಸಮುದ್ರ ಸುತ್ತಿ ಬಂದ ಬೈಟು ಕಾಫಿ

ನಮ್ಮ ಬೀದಿ ಕೊನೆಯ ದರ್ಶಿನಿಯಲ್ಲಿ ಕ್ಯಾಶ್ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿದೆ. 2024ರ ಬೇಸಿಗೆಯಲ್ಲಿ ಅಂಟಿಸಿದ್ದು. ‘ಯುದ್ದದ ಕಾರಣ ಕಾಫಿ ದರ 5 ರೂ. ಹೆಚ್ಚಿಸಲಾಗಿದೆ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ.’ ಒತ್ತಕ್ಷರದ ಹೊಟ್ಟೆ ಸೀಳಿರಲಿಲ್ಲ. ಮೇಷ್ಟರ ಮಗನಾದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಐದು ರೂಪಾಯಿ ಆಮೇಲೆ.

‘ಯಾವ ಯುದ್ಧಾನಪ್ಪಾ?’ ಅಂತ ಕೇಳಿದೆ. ಕ್ಯಾಶಿಯರ್ ಟೋಕನ್ ಹರಿಯುತ್ತಾ, ತಲೆ ಎತ್ತದೆ, ‘ಕೆಂಪು ಸಮುದ್ರ ಸಾರ್’ ಅಂದ. ಹಿಂದೆ ಚಿಲ್ಲರೆ ಹಿಡಿದು ನಿಂತಿದ್ದವರು ‘ಯುಕ್ರೇನ್ ಇರಬೇಕು ಕಣ್ರೀ’ ಅಂದರು. ಇನ್ನೊಬ್ಬರು ಗಾಜಾ ಅಂದರು. ಎರಡು ನಿಮಿಷ ಕ್ಯೂ ಪೂರ್ತಿ ಭದ್ರತಾ ಮಂಡಳಿ ಆಗಿಹೋಯಿತು. ಒಮ್ಮತ ಬರಲಿಲ್ಲ. ಅಸಲಿ ಮಂಡಳಿಯಲ್ಲೂ ಬರುವುದಿಲ್ಲ, ಬಿಡಿ. ಎಲ್ಲರೂ ಐದು ರೂಪಾಯಿ ಜಾಸ್ತಿ ಕೊಟ್ಟು, ಲೋಟ ಹಿಡಿದು, ನಿಂತು ಕುಡಿಯುವ ಟೇಬಲ್‌ಗೆ ಹೋದರು.

ನಾನೂ ಪಕ್ಕದ ಮನೆ ರಾಯರೂ ಆವತ್ತಿನಿಂದ ಬೈಟು ಶುರು ಮಾಡಿದೆವು. ಅದು ನಮ್ಮ ಕಡೆಯಿಂದ ಆರ್ಥಿಕ ದಿಗ್ಬಂಧನ.

ಆ ಕಾಫಿ ಎಲ್ಲಿಯದು? ಪುಡಿಯ ಪ್ಯಾಕೆಟ್ ಮೇಲೆ ಚಿಕ್ಕಮಗಳೂರು ಅಂತ ದಪ್ಪಕ್ಷರದಲ್ಲಿ ಬರೆದಿದೆ. ಮೂಡಿಗೆರೆಯಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಕೆಂಪು ಸಮುದ್ರ ಹಾಗಿರಲಿ, ಶಿರಾಡಿ ಘಾಟಿ ಕೂಡ ಸಿಗುವುದಿಲ್ಲ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಇಡೀ ದಾರಿಯಲ್ಲಿ ಜಲಸಂಧಿ ಅನ್ನಬಹುದಾದದ್ದು ಒಂದೇ, ಗೊರಗುಂಟೆಪಾಳ್ಯ. ಅಲ್ಲಿ ಲಾರಿ ಸಿಕ್ಕಿಹಾಕಿಕೊಂಡರೆ ಆಫ್ರಿಕಾ ಸುತ್ತಿ ಬರುವುದೇ ಬೇಗ. ಕೆಂಪು ಸಮುದ್ರದ ಹಡಗುಗಳಿಗೆ ಗುರಿ ಇಟ್ಟ ಯೆಮನ್‌ನ ಬಂಡುಕೋರರು, ಹೂಥಿಗಳು, ಅಲ್ಲಿಗೆ ಬಂದಿಲ್ಲ. ಬಂದರೂ ಅವರಿಗೆ ಕೆಲಸ ಇರುವುದಿಲ್ಲ.

ಇಷ್ಟು ಹೇಳಿ ನಾನು ಗೆದ್ದೆ ಅಂದುಕೊಂಡಿದ್ದೆ. ನಮ್ಮ ಭಾವ ಸೋಲಿಸಿದರು.

ಭಾವನದು ಮೂಡಿಗೆರೆ ಹತ್ತಿರ ಸಣ್ಣ ತೋಟ. ಕುಯ್ಲಿನ ಸಮಯದಲ್ಲಿ ಹೋಗಿದ್ದೆ. ಕಣದ ತುಂಬ ರೊಬಸ್ಟಾ ಚೆರ್ರಿ ಹರವಿತ್ತು. ಭಾವ ಒಂದು ಕೈಯಲ್ಲಿ ಹಲುಬೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತಿದ್ದರು. ಮೊಬೈಲ್‌ನಲ್ಲಿ ಲಂಡನ್. ಆಕಡೆಯಿಂದ ಚೀಲ ಹೊರುತ್ತಿದ್ದ ಆಳು ‘ಲಂಡನ್ ಎಷ್ಟಾಯ್ತು ಅಣ್ಣಾ?’ ಅಂತ ಕೂಗಿದ. ಮೋಡ ಆಗಿದೆಯಾ ಅಂತ ಕೇಳಿದಷ್ಟೇ ಸಲೀಸಾಗಿ. ‘ಬೀಜ ಎಲ್ಲೂ ಹೋಗೋದು ಬೇಡ ಮಾರಾಯ’ ಅಂದರು ಭಾವ. ‘ರೇಟು ಹೋಗಿ ಬಂದ್ರೆ ಸಾಕು. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಅಲ್ಲಿ ಸೀನಿದ್ರೆ ಇಲ್ಲಿ ನೆಗಡಿ.’

ವಿಷಯ ನಿಜ. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ನಮ್ಮ ರಾಜ್ಯದಲ್ಲಿ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿ. ಮಂಗಳೂರಿನಲ್ಲಿ ಹಡಗು ಹತ್ತಿದರೆ ಕೆಂಪು ಸಮುದ್ರ, ಸೂಯೆಜ್ ಕಾಲುವೆ, ಅಲ್ಲಿಂದ ಮೆಡಿಟರೇನಿಯನ್. 2023ರ ಕೊನೆಯಲ್ಲಿ ಹೂಥಿಗಳು ಗಾಜಾ ಹೆಸರಿನಲ್ಲಿ ಹಡಗುಗಳಿಗೆ ಗುರಿ ಇಡಲು ಶುರು ಮಾಡಿದ ಮೇಲೆ ದೊಡ್ಡ ದೊಡ್ಡ ಹಡಗು ಕಂಪನಿಗಳು ಆ ದಾರಿ ಬಿಟ್ಟು ಆಫ್ರಿಕಾದ ತುದಿ ಸುತ್ತತೊಡಗಿದವು. ಹತ್ತು ಹದಿನಾಲ್ಕು ದಿನ ಜಾಸ್ತಿ. ಅದೇ ಹೊತ್ತಿಗೆ ರೊಬಸ್ಟಾವನ್ನು ಎಲ್ಲರಿಗಿಂತ ಜಾಸ್ತಿ ಬೆಳೆಯುವ ವಿಯೆಟ್ನಾಂನಲ್ಲಿ ಬರ. ಲಂಡನ್ ರೇಟು ಗಗನಕ್ಕೆ ಹೋಯಿತು. ಬರದ ಪಾಲು ದೊಡ್ಡದೇ. ಆದರೆ ‘ವಿಯೆಟ್ನಾಂನಲ್ಲಿ ಮಳೆ ಆಗದ ಕಾರಣ ಸಹಕರಿಸಿ’ ಅಂತ ಯಾವ ಹೋಟೆಲಿನವರೂ ಚೀಟಿ ಅಂಟಿಸುವುದಿಲ್ಲ. ಯುದ್ಧ ಅಂದರೆ ಗ್ರಾಹಕ ಬಾಯಿ ಮುಚ್ಚಿಕೊಂಡು ಕೊಡುತ್ತಾನೆ.

ವರ್ಷಗಟ್ಟಲೆ ಅಳುತ್ತಿದ್ದ ಭಾವನ ಮುಖದಲ್ಲಿ ಕಳೆ ಬಂದಿತ್ತು. ಕಣಕ್ಕೆ ರಾತ್ರಿ ಕಾವಲು, ಎರಡು ನಾಯಿ, ಒಂದು ಕ್ಯಾಮೆರಾ. ‘ಯುದ್ಧ ನಿಲ್ಲಬೇಕು, ಪಾಪ, ಜನ ಸಾಯ್ತಿದಾರೆ’ ಅಂದರು. ಸ್ವಲ್ಪ ಹೊತ್ತು ಚೆರ್ರಿ ಎಳೆದು, ‘ಕುಯ್ಲು ಮುಗೀಲಿ’ ಅಂತ ಸೇರಿಸಿದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ರೇಟು ಬಿದ್ದ ವರ್ಷಗಳಲ್ಲಿ ಅವರಿಗೆ ಸಹಕರಿಸಿ ಅಂತ ಯಾರೂ ಚೀಟಿ ಅಂಟಿಸಿರಲಿಲ್ಲವಲ್ಲ.

ಈಗ ಒಂದು ಹಳೇ ಕಥೆ. ನಿಮಗೆ ಗೊತ್ತಿರುವುದೇ, ಆದರೂ ಹೇಳದೆ ಇರಲಾಗುತ್ತಿಲ್ಲ. ಬಾಬಾ ಬುಡನ್ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದರಂತೆ. ಸೊಂಟಕ್ಕೆ ಕಟ್ಟಿಕೊಂಡು ಅಂತ ಕೆಲವರು, ಗಡ್ಡದಲ್ಲಿ ಅಡಗಿಸಿ ಅಂತ ಕೆಲವರು. ಮೊಳಕೆ ಬರುವ ಬೀಜ ಹೊರಗೆ ಹೋಗದಂತೆ ಅರಬರು ಕಾವಲು ಹಾಕಿದ್ದ ಕಾಲ ಅದು. ಅಂದರೆ ನಮ್ಮ ಕಾಫಿ ಶುರುವಾದದ್ದೇ ರಫ್ತು ನಿಷೇಧ ಮುರಿದು. ಆ ಮೋಕಾ ಇರುವುದು ಎಲ್ಲಿ? ಯೆಮನ್‌ನಲ್ಲಿ. ಹಡಗುಗಳ ಮೇಲೆ ಕ್ಷಿಪಣಿ ಹಾರಿದ ಬಾಬ್ ಎಲ್ ಮಂದೆಬ್ ಜಲಸಂಧಿಯ ಪಕ್ಕದಲ್ಲೇ. ಆ ಹೆಸರಿನ ಅರ್ಥ ಕಣ್ಣೀರಿನ ಬಾಗಿಲು. ಯಾವ ಬಾಗಿಲಿಂದ ಏಳು ಬೀಜ ಬಂತೋ, ಅದೇ ಬಾಗಿಲಲ್ಲಿ ಮೂಟೆಗಟ್ಟಲೆ ವಾಪಸ್ ಹೋಗುತ್ತಿದ್ದ ಕಾಫಿಗೆ ತಡೆ ಬಿತ್ತು. ಬಾಬಾ ಬುಡನ್ ಪುಣ್ಯವಂತರು. ಅವರ ಗಡ್ಡಕ್ಕೆ ಯಾರೂ ವಾರ್ ರಿಸ್ಕ್ ಪ್ರೀಮಿಯಂ ಕೇಳಲಿಲ್ಲ.

ಪ್ರೀಮಿಯಂ ಅಂದೆ ನೋಡಿ, ಅದೂ ಕಾಫಿ ಕಥೆಯೇ. ಹಡಗಿನ ವಿಮೆಗೆ ಲಾಯ್ಡ್ಸ್ ಅಂದರೆ ತವರುಮನೆ. ಅದು 1680ರ ದಶಕದಲ್ಲಿ ಲಂಡನ್‌ನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನುವವನ ಕಾಫಿ ಹೋಟೆಲಾಗಿತ್ತು. ಹಡಗಿನವರು, ವ್ಯಾಪಾರಿಗಳು ಅಲ್ಲಿ ಕಾಫಿ ಹೀರುತ್ತಾ ಯಾವ ಹಡಗು ಮುಳುಗುತ್ತೆ, ಯಾವುದು ಬರುತ್ತೆ ಅಂತ ಲೆಕ್ಕ ಹಾಕುತ್ತಿದ್ದರು. ಇವತ್ತಿಗೂ ಅಲ್ಲಿನ ಸಮವಸ್ತ್ರದ ಸಿಬ್ಬಂದಿಗೆ ‘ವೇಟರ್’ ಅಂತಲೇ ಹೆಸರು. ಆ ಮಾರುಕಟ್ಟೆಯ ಯುದ್ಧ ಸಮಿತಿ ನಕ್ಷೆ ಹರವಿ, ಇಲ್ಲಿಂದ ಇಲ್ಲಿಗೆ ಅಪಾಯ ಅಂತ ಗೆರೆ ಎಳೆಯುತ್ತದೆ. 2023ರ ಡಿಸೆಂಬರ್‌ನಲ್ಲಿ ಕೆಂಪು ಸಮುದ್ರದ ಗೆರೆಯನ್ನು ಇನ್ನೂ ಉತ್ತರಕ್ಕೆ ಎಳೆದರು. ಗೆರೆಯೊಳಗೆ ಕಾಲಿಟ್ಟರೆ ಹಡಗಿನ ಬೆಲೆಯ 1%ವರೆಗೂ ಪ್ರೀಮಿಯಂ ಹೋಯಿತು. 10 ಕೋಟಿ ಡಾಲರ್ ಹಡಗಾದರೆ ಒಂದು ಸಲ ದಾಟಲು 10 ಲಕ್ಷ ಡಾಲರ್. ಕಾಫಿ ಹೋಟೆಲಿನಲ್ಲಿ ಕೂತು ಕಾಫಿ ರೇಟು ಏರಿಸುವ ಸಂಪ್ರದಾಯಕ್ಕೆ ಮುನ್ನೂರು ವರ್ಷ ಮೀರಿದ ಇತಿಹಾಸ ಇದೆ ಅಂತಾಯಿತು. ನಮ್ಮ ಕ್ಯಾಶಿಯರ್ ಪಾಪ, ಪರಂಪರೆ ಪಾಲಿಸುತ್ತಿದ್ದಾನೆ.

ಪ್ರೀಮಿಯಂ ಕಟ್ಟಿ ದಾಟಿದವರು ಮಾಡಿದ ಉಪಾಯ ಕೇಳಿ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಪ್ರತಿ ಹಡಗೂ ರೇಡಿಯೋದಲ್ಲಿ ಬಿತ್ತರಿಸುತ್ತಾ ಹೋಗುತ್ತದೆ. ಊರಿನ ಹೆಸರು ತುಂಬುವ ಆ ಜಾಗದಲ್ಲಿ ಕೆಲವರು ‘ಎಲ್ಲರೂ ಚೀನೀ ಸಿಬ್ಬಂದಿ’ ಅಂತ ತುಂಬಿದರು. ಕೆಲವರು ‘ಇಸ್ರೇಲ್ ಜೊತೆ ಸಂಬಂಧ ಇಲ್ಲ’ ಅಂತ. ಕೆಲವರು ‘ಹಡಗಿನಲ್ಲಿ ಬಂದೂಕಿನವರಿದ್ದಾರೆ’ ಅಂತ. ಇದನ್ನು ಓದಿದಾಗ ನನಗೆ ಬೆಂಗಳೂರು ನೆನಪಾಯಿತು. ಸ್ಕೂಟರಿಗೆ ‘ಪ್ರೆಸ್’, ಕಾರಿಗೆ ‘ಪೊಲೀಸ್’, ಹಾಲಿನ ವ್ಯಾನಿಗೆ ‘ತುರ್ತು ಸೇವೆ’. ರಾಯರ ಅಳಿಯ ಕಾರಿನ ಗಾಜಿಗೆ ವಕೀಲರ ಪಟ್ಟಿ ಅಂಟಿಸಿದ್ದಾನೆ, ಅವನು ಓದಿದ್ದು ಬಿ.ಕಾಂ. ಸಾವಿರಾರು ಟನ್ ಉಕ್ಕಿನ ಹಡಗಿಗೂ ಕೊನೆಗೆ ಬೇಕಾದದ್ದು ಒಂದು ಸ್ಟಿಕ್ಕರ್!

ಹೂಥಿಗಳ ದಾಳಿಗೆ ಉತ್ತರವಾಗಿ ಅಮೆರಿಕ ಒಂದು ಕಾರ್ಯಾಚರಣೆ ಶುರು ಮಾಡಿತು. ಹೆಸರು ‘ಪ್ರಾಸ್ಪೆರಿಟಿ ಗಾರ್ಡಿಯನ್’, ಅಂದರೆ ಸಮೃದ್ಧಿಯ ಕಾವಲುಗಾರ. ಚೀಟಿ ಫಂಡಿಗೆ ಇಡುವ ಹೆಸರು. ಕೆಲವೇ ಸಾವಿರ ಡಾಲರ್‌ನ ಡ್ರೋನ್ ಉರುಳಿಸಲು 20 ಲಕ್ಷ ಡಾಲರ್‌ನ ಕ್ಷಿಪಣಿ ಹಾರಿಸಿದರು. ಯಾರ ಪ್ರಾಸ್ಪೆರಿಟಿಗೆ ಗಾರ್ಡಿಯನ್ ಅಂತ ಹೆಸರಿನಲ್ಲಿ ಇರಲಿಲ್ಲ. ಈಜಿಪ್ಟಿನದಂತೂ ಅಲ್ಲ. ಸೂಯೆಜ್ ಕಾಲುವೆಯಿಂದ 2023ರಲ್ಲಿ 1,000 ಕೋಟಿ ಡಾಲರ್ ದಾಟಿದ್ದ ಆದಾಯ ಮರುವರ್ಷ 400 ಕೋಟಿ ಡಾಲರ್ ಆಸುಪಾಸಿಗೆ ಇಳಿಯಿತು. ಹಡಗು ಕಂಪನಿಗಳು? ಮೇರ್ಸ್ಕ್ 2024ರಲ್ಲಿ ತನ್ನ ಲಾಭದ ಅಂದಾಜನ್ನು ಮತ್ತೆ ಮತ್ತೆ ಮೇಲೇರಿಸಿತು. ದಾರಿ ಉದ್ದವಾದಷ್ಟೂ ಬಾಡಿಗೆ ಜಾಸ್ತಿ. ನಮ್ಮ ಆಟೋದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದಹಾಗೆ, ಯುದ್ಧದ ರೇಟು ಏರುವಾಗ ವಿಮಾನದಲ್ಲಿ ಬರುತ್ತದೆ, ಇಳಿಯುವಾಗ ಆಫ್ರಿಕಾ ಸುತ್ತಿ ಬರುತ್ತದೆ. ಪೆಟ್ರೋಲ್ ಒಂದನ್ನೇ ನೋಡಿ. ಯುಕ್ರೇನ್ ಯುದ್ಧ ಶುರುವಾದದ್ದು 2022ರ ಫೆಬ್ರವರಿ 24. ಮಾರ್ಚ್ ಮೊದಲ ವಾರ ಕಳೆಯುವಷ್ಟರಲ್ಲಿ ಕಚ್ಚಾ ತೈಲ ಪೀಪಾಯಿಗೆ 130 ಡಾಲರ್ ದಾಟಿತ್ತು. ನಮ್ಮ ಬಂಕಿನಲ್ಲಿ ಮಾತ್ರ ಪರಮ ಶಾಂತಿ. ಐದು ರಾಜ್ಯಗಳ ಫಲಿತಾಂಶ ಮಾರ್ಚ್ 10ಕ್ಕೆ ಬಂತು. ಮಾರ್ಚ್ 22ಕ್ಕೆ, 137 ದಿನದ ಮೌನ ಮುರಿದು, ರೇಟು ಏಳತೊಡಗಿತು. ಎರಡು ವಾರದಲ್ಲಿ 10 ರೂಪಾಯಿ. ಪುಟಿನ್ ಅವರ ಯುದ್ಧಕ್ಕೂ ನಮ್ಮ ಚುನಾವಣಾ ಆಯೋಗದ ವೇಳಾಪಟ್ಟಿಗೂ ಇರುವ ನಂಟು ಅದ್ಭುತವಾದದ್ದು. ಮೇನಲ್ಲಿ ಸುಂಕ ಇಳಿಸಿದರು, ಒಪ್ಪೋಣ. ಆಮೇಲೆ ಹೆಚ್ಚುಕಡಿಮೆ ಎರಡು ವರ್ಷ ರೇಟು ಬಂಡೆಯ ಹಾಗೆ. ಆ ಹೊತ್ತಿನಲ್ಲಿ ಕಚ್ಚಾ ತೈಲ 80 ಡಾಲರ್‌ಗಿಂತ ಕೆಳಗೂ ಬಂತು. ನಾವು ಕೊಳ್ಳುವ ತೈಲದಲ್ಲಿ 2% ಕೂಡ ಇರದಿದ್ದ ರಷ್ಯಾದ ಪಾಲು ಮೂರನೇ ಒಂದನ್ನು ದಾಟಿತು, ಅದೂ ರಿಯಾಯಿತಿ ದರದಲ್ಲಿ. ಆ ರಿಯಾಯಿತಿ ನನ್ನ ಸ್ಕೂಟರಿನ ತನಕ ಬರಲಿಲ್ಲ. 2024ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆ ಹೊಸ್ತಿಲಲ್ಲಿ, 2 ರೂಪಾಯಿ ಬಂತು. ಜೂನ್ 4ಕ್ಕೆ ಫಲಿತಾಂಶ. ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ತೆರಿಗೆ ಏರಿಸಿ 3 ರೂಪಾಯಿ ಕಿತ್ತುಕೊಂಡಿತು. ಈ ವಿಷಯದಲ್ಲಿ ಕೇಂದ್ರ, ರಾಜ್ಯ ಅಂತ ಭೇದ ಮಾಡಬಾರದು. ಎರಡೂ ನಮ್ಮವೇ.

ನಗುತ್ತಾ ಬರೆಯುತ್ತಿದ್ದೆ. ಇಲ್ಲಿಂದ ನಗು ಬರುತ್ತಿಲ್ಲ.

2024ರ ಮಾರ್ಚ್ 6ರಂದು ಏಡನ್ ಕೊಲ್ಲಿಯಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಅನ್ನುವ ಸರಕು ಹಡಗಿಗೆ ಕ್ಷಿಪಣಿ ಬಡಿಯಿತು. ಮೂವರು ಸತ್ತರು. ಇಬ್ಬರು ಫಿಲಿಪೀನ್ಸಿನವರು, ಒಬ್ಬ ವಿಯೆಟ್ನಾಮಿನವನು. ಉಳಿದವರನ್ನು ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತ್ತ ನೀರಿನಿಂದ ಎತ್ತಿತು. ಅವರಲ್ಲಿ ಒಬ್ಬ ಭಾರತೀಯ. ಯಾರ ಜಗಳಕ್ಕೂ ಸಂಬಂಧ ಇಲ್ಲದ, ತಿಂಗಳ ಸಂಬಳ ಮನೆಗೆ ಕಳಿಸುವ ಜನ. ಗಾಜಾದಲ್ಲಿ ಮಕ್ಕಳು ಹಿಟ್ಟಿಗೆ ಪಾತ್ರೆ ಹಿಡಿದು ನಿಂತಿದ್ದರು. ಅವರ ಹೆಸರಿನಲ್ಲಿ ಕ್ಷಿಪಣಿ ಹಾರಿಸಿದವರ ಯೆಮನ್‌ನಲ್ಲೇ ಜನಕ್ಕೆ ಅನ್ನ ಇಲ್ಲ, ಗೋಧಿ ಅಲ್ಲಿಗೂ ಹಡಗಿನಲ್ಲೇ ಬರಬೇಕು. ನಮ್ಮ ಟಿವಿಯಲ್ಲಿ ಸ್ಟುಡಿಯೋ ನೆಲದ ಮೇಲೆ ಕ್ಷಿಪಣಿ ಹಾರಿಸಿ, ‘ಮೂರನೇ ಮಹಾಯುದ್ಧ ಶುರು?’ ಅಂತ ಕೇಳುತ್ತಾರೆ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಏನು ಬೇಕಾದರೂ ಹೇಳಬಹುದು. ನಡುವೆ ಸೀರೆ ಜಾಹೀರಾತು. ಮತ್ತೆ ನಾನು, ಐದು ರೂಪಾಯಿಗೆ ಇಷ್ಟುದ್ದ ಬರೆಯುತ್ತಿರುವವನು. ಆ ಚೀಟಿಯ ಯುದ್ಧದಲ್ಲಿ ಹೋದದ್ದು ಮಹಾಪ್ರಾಣ ಒಂದೇ. ಹೊರಗಿನ ಯುದ್ಧದಲ್ಲಿ ಹೋದ ಪ್ರಾಣಗಳಿಗೆ ಒತ್ತೂ ಇಲ್ಲ, ದೀರ್ಘವೂ ಇಲ್ಲ, ಲೆಕ್ಕ ಇಟ್ಟವರೂ ಇಲ್ಲ.

ಹೂಥಿಗಳು ಈ ಸಲ ಮೊದಲು ಹಿಡಿದಿಟ್ಟುಕೊಂಡ ಹಡಗು ‘ಗ್ಯಾಲಕ್ಸಿ ಲೀಡರ್’ ನೆನಪಿದೆಯಲ್ಲ? ಹೆಲಿಕಾಪ್ಟರಿನಲ್ಲಿ ಇಳಿದು ಹಿಡಿದದ್ದು. ಅದನ್ನು ಯೆಮನ್ ತೀರದಲ್ಲಿ ನಿಲ್ಲಿಸಿ ಪ್ರವಾಸಿ ತಾಣ ಮಾಡಿದರು. ಜನ ದೋಣಿ ಹತ್ತಿ ಬಂದು ಫೋಟೋ ತೆಗೆಸಿಕೊಂಡರು. ಅದರ 25 ಸಿಬ್ಬಂದಿ ಹದಿನಾಲ್ಕು ತಿಂಗಳು ಒತ್ತೆಯಲ್ಲಿದ್ದರು. 2025ರ ಜನವರಿ 19ಕ್ಕೆ ಗಾಜಾದಲ್ಲಿ ಕದನವಿರಾಮ ಆದ ಮೇಲೆ ಅವರನ್ನು ಬಿಟ್ಟರು.

ಆ ಸುದ್ದಿ ಬಂದ ಬೆಳಿಗ್ಗೆ ನಾನೂ ರಾಯರೂ ಪೇಪರ್ ಹಿಡಿದುಕೊಂಡೇ ದರ್ಶಿನಿಗೆ ಹೋದೆವು. ‘ಕದನವಿರಾಮ ಆಯ್ತಲ್ಲಪ್ಪಾ, ಇನ್ನು ಚೀಟಿ ತೆಗೀಬಹುದಲ್ವಾ?’ ಅಂದೆ. ಕ್ಯಾಶಿಯರ್ ಪೇಪರನ್ನು ತಿರುಗಿಸಿ ನೋಡಿ, ‘ಓನರ್ ಊರಿಗೆ ಹೋಗಿದಾರೆ ಸಾರ್, ಬಂದ್ಮೇಲೆ ಹೇಳ್ತೀನಿ’ ಅಂದ. ಓನರ್ ಊರಿಂದ ಬರುವಷ್ಟರಲ್ಲಿ ಮಾರ್ಚ್ ಬಂತು, ಕದನವಿರಾಮವೇ ಮುರಿದುಬಿತ್ತು. ಏಪ್ರಿಲ್ 1ಕ್ಕೆ ನಂದಿನಿ ಹಾಲಿಗೆ 4 ರೂಪಾಯಿ ಜಾಸ್ತಿ. ಹಳೇ ಚೀಟಿಯ ಪಕ್ಕದಲ್ಲಿ ಹೊಸದು ಬಂತು. ‘ಹಾಲಿನ ದರ ಏರಿಕೆಯ ಕಾರಣ.’ ಇದರಲ್ಲಿ ಕಾಗುಣಿತ ಸರಿ ಇತ್ತು.

ಮೊನ್ನೆ ನೋಡಿದರೆ ಯಾರೋ ಪುಣ್ಯಾತ್ಮರು ಹಳೇ ಚೀಟಿಯಲ್ಲಿ ನೀಲಿ ಪೆನ್ನಿನಿಂದ ಒತ್ತಕ್ಷರದ ಹೊಟ್ಟೆ ಸೀಳಿದ್ದಾರೆ. ನಾನಲ್ಲ. ರಾಯರೂ ಅಲ್ಲವಂತೆ. ಇಷ್ಟಾದರೂ ಸರಿಹೋಯಿತಲ್ಲ ಅಂತ ಖುಷಿಯಲ್ಲಿ ‘ಒಂದು ಬೈಟು’ ಅಂದೆ.

‘ಬೈಟು ನಿಲ್ಸಿದೀವಿ ಸಾರ್’ ಅಂದ ಕ್ಯಾಶಿಯರ್, ತಲೆ ಎತ್ತದೆ.