ಸತ್ತ ಮೇಲಷ್ಟೇ ಸಿಗುವ ವಾಸದ ದಾಖಲೆ

ಸಾಸಿವೆಯ ಕುಟುಂಬಕ್ಕೆ ಸೇರಿದ, ಎಲೆ ಹೊಸಕಿದರೆ ಬೆಳ್ಳುಳ್ಳಿಯ ವಾಸನೆ ಬೀರುವ ಅಲಿಯೇರಿಯಾ ಪೆಟಿಯೋಲಾಟ ಎಂಬ ಕಳೆ ಯುರೋಪಿನಿಂದ ಹೊರಟು ಉತ್ತರ ಅಮೆರಿಕಕ್ಕೆ ಕಾಲಿಟ್ಟದ್ದು, ದಾಖಲೆಗಳ ಪ್ರಕಾರ, 1868ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ. ಅದಕ್ಕೆ ಮೊದಲು ಯಾರು ಅದನ್ನು ಹಿತ್ತಿಲಲ್ಲಿ ಬಿತ್ತಿದ್ದರು, ಎಷ್ಟು ಬೇಲಿಗಳನ್ನು ಅದು ನುಸುಳಿತ್ತು ಎಂಬುದೆಲ್ಲ ಒಣಗಿಸಿದ ಗಿಡಗಳ ಸಂಗ್ರಹಾಲಯವಾದ ಹರ್ಬೇರಿಯಂನ ಲೆಕ್ಕಕ್ಕೆ ಬಾರದ ಸಂಗತಿ. ಗಿಡವೊಂದು ಬದುಕಿದೆ ಎಂದು ಅಲ್ಲಿ ಒಪ್ಪಿಸಬೇಕಾದರೆ ಅದು ಮೊದಲು ಬೇರುಸಹಿತ ಕೀಳಿಸಿಕೊಂಡು, ಕಾಗದಗಳ ನಡುವೆ ಒಣಗಿ, ಹಾಳೆಗೆ ಅಂಟಿ, ಮೂಲೆಯ ಚೀಟಿಯಲ್ಲಿ ಕ್ರಮಸಂಖ್ಯೆ ಪಡೆಯಬೇಕು.

ಸಾಯುವುದಕ್ಕೂ ಒಂದು ಅರ್ಹತೆ ಬೇಕು. ಈ ಕಳೆಯ ಆಯುಸ್ಸು ಎರಡು ವರ್ಷ. ಮೊದಲ ವರ್ಷ ಅದು ನೆಲಕ್ಕೆ ಅಂಟಿದ ಎಲೆಗಳ ಚಕ್ರವಾಗಿರುತ್ತದೆ, ಎರಡನೆಯ ವಸಂತದಲ್ಲಿ ನಾಲ್ಕು ಬಿಳಿ ಎಸಳುಗಳ ಹೂ ಬಿಟ್ಟು, ಕಡ್ಡಿಯಂಥ ಉದ್ದನೆಯ ಕಾಯಿ ಕಟ್ಟುತ್ತದೆ. ಸಂಗ್ರಾಹಕರಿಗೆ ಹೂವೂ ಕಾಯಿಯೂ ಬೇಕಾದ್ದರಿಂದ ಕಾಡಿನ ನೆಲವನ್ನೆಲ್ಲ ಆಕ್ರಮಿಸಿ ಕುಳಿತ ಮೊದಲ ವರ್ಷದ ಗಿಡಗಳನ್ನು ಬಾಗಿ ನೋಡುವವರು ವಿರಳ. ಹೂ ಬಿಟ್ಟವುಗಳಿಗಾದರೂ ಸಮಾನ ಅವಕಾಶವಿದೆಯೆಂದು ತಿಳಿಯಬೇಡಿ: ಸಸ್ಯಶಾಸ್ತ್ರಜ್ಞರ ವಾಹನ ನಿಲ್ಲುವುದು ರಸ್ತೆಯ ಪಕ್ಕದಲ್ಲಿ, ಚೀಟಿಯ ಮೇಲೆ ಬೀಳುವುದು ‘ರಸ್ತೆ ಬದಿ, ಸಾಮಾನ್ಯ ಕಳೆ’ ಎಂಬ ಬರಹ, ಆ ಚೀಟಿಗಳನ್ನು ನಂಬಿ ಗಣಕಯಂತ್ರ ಬಿಡಿಸುವುದು ರಸ್ತೆಗಳ ನಕಾಶೆಯಂತೆಯೇ ಕಾಣುವ ಗಿಡದ ನಕಾಶೆ.

ಗಣಕೀಕರಣದ ಪವಾಡಗಳು ಇನ್ನೂ ಇವೆ. ಅಕ್ಷಾಂಶ, ರೇಖಾಂಶ ಗೊತ್ತಿಲ್ಲದ ಕಡೆ ಸೊನ್ನೆ ತುಂಬಿದರೆ ಕಾಡಿನ ಕಳೆ ಆಫ್ರಿಕದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ ಚಿಗುರುತ್ತದೆ. ಇಸವಿ ಮಾತ್ರ ಬರೆದಿದ್ದ ಹಾಳೆಗೆ ಜನವರಿ 1 ಎಂಬ ದಿನಾಂಕ ಬಿದ್ದರೆ ಅದು ಹಿಮದಲ್ಲೂ ತುಂಬು ಹೂವಿನಿಂದ ನಿಲ್ಲುತ್ತದೆ. ಹೆಸರಿನದು ಬೇರೆಯೇ ಕಥೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನು ಎರಿಸಿಮಮ್ ಅಲಿಯೇರಿಯಾ ಎಂದು ಕರೆದರು; ಆಮೇಲೆ ಅದು ಅಲಿಯೇರಿಯಾ ಅಫಿಸಿನಾಲಿಸ್ ಆಯಿತು; ಈಗಿನ ಹೆಸರು ನೆಲೆಗೊಂಡದ್ದು 1913ರಲ್ಲಿ. ಹೆಸರು ತಿದ್ದದ ಬೀರುಗಳಲ್ಲಿ ಒಂದೇ ಗಿಡ ಮೂರು ಕಡತಗಳಲ್ಲಿ ಪರಸ್ಪರ ಪರಿಚಯವೇ ಇಲ್ಲದಂತೆ ಮಲಗಿರಲು ಯಾವ ಅಡ್ಡಿಯೂ ಇಲ್ಲ.

ಕಳೆ ವಿರಳವಾಗಿದ್ದಾಗ ಅದನ್ನು ಹುಡುಕಿಕೊಂಡು ಹೋದವರೇ, ಅದು ಎಲ್ಲೆಡೆ ಹಬ್ಬಿದ ಮೇಲೆ ‘ಇದನ್ನೇನು ಸಂಗ್ರಹಿಸುವುದು’ ಎಂದು ದಾಟಿ ಹೋಗುತ್ತಾರೆ. ಹಾಗಾಗಿ ಗಿಡ ಹೆಚ್ಚಿದಷ್ಟೂ ಕಡತದಲ್ಲಿ ಅದು ಕಡಿಮೆಯಾಗುತ್ತಾ ಬರುವ ಅಪಾಯವಿದೆ. ಇದ್ದ ಕಡತಗಳೂ ಜಾಗ ತಿನ್ನುತ್ತವೆಯೆಂಬ ದೂರು ಬೇರೆ. ಸುಮಾರು 8,25,000 ಮಾದರಿಗಳಿದ್ದ ತನ್ನ ಹರ್ಬೇರಿಯಂ ಅನ್ನು ಮುಚ್ಚುವುದಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಕಟಿಸಿತು. ಹಾಳೆಯ ಮೇಲಿನ ಗಿಡಗಳನ್ನು ಎತ್ತಂಗಡಿ ಮಾಡಿಸಲು ಒಂದು ಪ್ರಕಟಣೆ ಸಾಕು. ಕಾಡಿನಲ್ಲಿರುವ ಈ ಕಳೆಯನ್ನು ಮಾತ್ರ ಸ್ವಯಂಸೇವಕರು ವಸಂತ ಬಂದಾಗಲೆಲ್ಲ ಬಗ್ಗಿ ಬಗ್ಗಿ ಕೈಯಿಂದಲೇ ಕೀಳುತ್ತಾರೆ, ಕಿತ್ತ ಮೇಲೂ ಬೀಜ ಬಲಿಯುತ್ತದೆಂದು ಹೆದರಿ ಚೀಲಗಳಲ್ಲಿ ಕಟ್ಟಿ ಸಾಗಿಸುತ್ತಾರೆ. ಹೂವೂ ಕಾಯಿಯೂ ಬೇರೂ ಸಮೇತ ಇರುವ ಆ ಮೂಟೆಗಟ್ಟಲೆ ಮಾದರಿಗಳಿಗೆ ಕ್ರಮಸಂಖ್ಯೆಯ ಯೋಗವಿಲ್ಲ.