ಶೂ ಮೇಲೇ ಹಾಕಿದ ಸ್ಕೇಟ್ಸ್

ಭಾನುವಾರ ಮಗನನ್ನು ಸ್ಕೇಟಿಂಗ್ ಕ್ಲಾಸಿಗೆ ಕರೆದುಕೊಂಡು ಹೊರಟರೆ ನಾಲ್ಕು ವರ್ಷದ ಮಗಳೂ ಬೆನ್ನು ಬೀಳುತ್ತಾಳೆ. ಕಟ್ಟೆ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಾಳೆ. ಅಣ್ಣ ಸುಸ್ತಾಗಿ ಬಂದು ಸ್ಕೇಟ್ಸ್ ಬಿಚ್ಚಿದನೋ ಇಲ್ಲವೋ, ಅದರೊಳಗೆ ಇವಳ ಕಾಲು. ಹಿಮ್ಮಡಿ ಹಿಂದೆ ನನ್ನ ಎರಡು ಬೆರಳು ಹೋಗುವಷ್ಟು ಜಾಗ ಉಳಿದಿರುತ್ತದೆ. ಮೊನ್ನೆ ಒಬ್ಬರು, "ಪಾಪ, ಮಗೂನ ಮನೇಲೇ ಬಿಟ್ಟು ಬರಬಾರದಾ?" ಅಂದರು.

ನನಗೆ ಬೊನ್ನಿ ಬ್ಲೇರ್ ನೆನಪಾದರು.

ಐಸ್ ಮೇಲೆ ವೇಗದ ಸ್ಪರ್ಧೆಗಿಳಿಯುತ್ತಿದ್ದ ಅಮೆರಿಕದ ಈ ಸ್ಪೀಡ್ ಸ್ಕೇಟರ್ ಆರು ಮಕ್ಕಳಲ್ಲಿ ಕೊನೆಯವರು. 1964ರ ಮಾರ್ಚ್ 18ರಂದು ಅಪ್ಪ ಚಾರ್ಲಿ ಹೆರಿಗೆಗೆ ಹೆಂಡತಿಯನ್ನು ಆಸ್ಪತ್ರೆಗೆ ಬಿಟ್ಟು, ಉಳಿದ ಮಕ್ಕಳನ್ನು ಸ್ಕೇಟಿಂಗ್ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದರು. ಮಗಳು ಹುಟ್ಟಿದ ಸುದ್ದಿ ಅವರಿಗೆ ಗೊತ್ತಾಗಿದ್ದು ಅಲ್ಲಿನ ಮೈಕಿನಲ್ಲಿ! ಎರಡು ವರ್ಷಕ್ಕೇ ಆ ಮಗುವನ್ನು ಐಸ್ ಮೇಲೆ ನಿಲ್ಲಿಸಿದರು. ಸಿಕ್ಕಿದ್ದರಲ್ಲೇ ತೀರಾ ಚಿಕ್ಕ ಸ್ಕೇಟ್ಸ್ ಕೂಡ ಅವಳಿಗೆ ದೊಡ್ಡದು. ಹಾಗಾಗಿ ಶೂ ಬಿಚ್ಚದೆ ಅದರ ಮೇಲೇ ಹಾಕಿದರು.

ಈ ಆಟವನ್ನು ಆ ಮಗು ಆರಿಸಿಕೊಂಡಿದ್ದಲ್ಲ. ಅಣ್ಣ ಅಕ್ಕಂದಿರ ಹಿಂದೆ ಹೋಯಿತು, ಅಷ್ಟೇ. ಅಕ್ಕನ ಸಂಗೀತ ಪಾಠ ನಡೆಯುವಾಗ ಸುಮ್ನೆ ಪಕ್ಕದಲ್ಲಿ ಆಡಿಕೊಂಡಿದ್ದ ತಂಗಿ ಒಂದು ದಿನ ಸರಳೆ ವರಸೆ ಪೂರ್ತಿ ಹಾಡಿಬಿಡುತ್ತಾಳಲ್ವಾ, ಹಾಗೆ. ನಾವು ಕೋಚ್ ಯಾರು, ಫೀಸ್ ಎಷ್ಟು ಅಂತ ವಿಚಾರಿಸುತ್ತೇವೆ. ಜೊತೆಗೆ ಬಂದು ಕೂತ ಮಗುವಿನ ಕಣ್ಣು ಎಲ್ಲಿದೆ ಅಂತ ನೋಡುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಮನೆಯವರ ಪ್ರೀತಿಯೊಂದೇ ಸಾಲದು, ನಿಜ. ದುಡ್ಡೂ ಬೇಕು. ಬೊನ್ನಿ ಬೆಳೆದ ಶಾಂಪೇನ್ ಊರಿನ ಪೊಲೀಸರೇ ಅವರ ತರಬೇತಿಗೆ ಹಣ ಕೂಡಿಸಿದರು. ಅತಿ ವೇಗದಲ್ಲಿ ಹೋಗುವವರಲ್ಲಿ ಪೊಲೀಸರಿಗೆ ಇವಳೇ ಅಚ್ಚುಮೆಚ್ಚು ಅಂತ ಕಾರಿಗೆ ಅಂಟಿಸುವ ಸ್ಟಿಕ್ಕರ್ ಕೂಡ ಮಾಡಿಸಿದ್ದರು. ಓದಿದಾಗ ಕಣ್ಣು ತುಂಬಿತು.

1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ, 500 ಮೀಟರ್ ಓಟದಲ್ಲಿ, ಪೂರ್ವ ಜರ್ಮನಿಯ ಕ್ರಿಸ್ಟಾ ರೋಥೆನ್‌ಬರ್ಗರ್ 39.12 ಸೆಕೆಂಡಿನಲ್ಲಿ ವಿಶ್ವದಾಖಲೆ ಬರೆದರು. ಆಮೇಲೆ ಬಂದ ಬೊನ್ನಿ 39.10ಕ್ಕೆ ಮುಗಿಸಿದರು. ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು! 1992 ಮತ್ತು 1994ರಲ್ಲಿ ಎರಡೆರಡು, ಒಟ್ಟು ಐದು ಚಿನ್ನ. ಆದರೆ 1989ರ ಕ್ರಿಸ್‌ಮಸ್ ದಿನ ಅಪ್ಪ ತೀರಿಕೊಂಡಿದ್ದರು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ 500 ಮೀಟರ್ ಗೆದ್ದಾಗ ಆ ಚಿನ್ನವನ್ನು ಮಗಳು ಅಪ್ಪನಿಗೇ ಅರ್ಪಿಸಿದರು. ಬೊನ್ನಿ ಹುಟ್ಟಿದ ಸುದ್ದಿಯನ್ನು ಮೈಕಿನಲ್ಲಿ ಕೇಳಿದ್ದ ಅಪ್ಪ.

ನನ್ನ ಮಗಳು ಪದಕ ತರಲಿ ಅಂತ ನಾನು ಹೇಳುತ್ತಿಲ್ಲ. ನಾಳೆ ಅವಳಿಗೆ ಸ್ಕೇಟಿಂಗ್ ಬೇಡ ಅನಿಸಿದರೆ ಬೇಡ. ಆದರೆ ಅವಳನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಈ ಭಾನುವಾರವೂ ಬರುತ್ತಾಳೆ, ಅಣ್ಣ ಸ್ಕೇಟ್ಸ್ ಬಿಚ್ಚುವುದನ್ನೇ ಕಾಯುತ್ತಾ ಕಟ್ಟೆ ಮೇಲೆ ಕೂರುತ್ತಾಳೆ.