ಐದು ನಕ್ಷತ್ರ ಎಂದರೆ ಎಂದೆಂದಿಗೂ ಐದು ನಕ್ಷತ್ರವಲ್ಲ

‘ಎ.ಸಿ.ಗೆ ಐದು ನಕ್ಷತ್ರ ಇದ್ದರೆ ಸಾಕು, ಯಾವ ವರ್ಷದ್ದಾದರೂ ವಿದ್ಯುತ್ ಉಳಿತಾಯ ಒಂದೇ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಳ್ಳುವುದೇ ಜಾಣತನ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ನಕ್ಷತ್ರ ಕೊಡುವ ಅಳತೆಗೋಲನ್ನು ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) ಆಗಾಗ ಬಿಗಿಗೊಳಿಸುತ್ತದೆ. ಸ್ಪ್ಲಿಟ್ ಎ.ಸಿ. ಐದು ನಕ್ಷತ್ರ ಪಡೆಯಲು 2018ರಿಂದ ಐಎಸ್‌ಇಇಆರ್ ಎಂಬ ದಕ್ಷತಾ ಸೂಚ್ಯಂಕ ಕನಿಷ್ಠ 4.5 ಇರಬೇಕಿತ್ತು, 2022ರ ಜುಲೈನಿಂದ ಅದು 5ಕ್ಕೆ ಏರಿತು. 2021ರಲ್ಲಿ ಐದು ನಕ್ಷತ್ರ ಹೊತ್ತಿದ್ದ, 4.6 ಸೂಚ್ಯಂಕದ ಯಂತ್ರ 2022ರ ಆ ಲೆಕ್ಕದಲ್ಲಿ ನಾಲ್ಕಕ್ಕೆ ಇಳಿಯಿತು. ಯಂತ್ರ ಬದಲಾಗಿಲ್ಲ, ಅಳತೆ ಬದಲಾಗಿದೆ.

ಆದ್ದರಿಂದ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ಅದೇ ಚೀಟಿಯಲ್ಲಿ ಲೇಬಲ್‌ನ ಅವಧಿ ಇರುತ್ತದೆ, ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯೂ ಇರುತ್ತದೆ. ನನ್ನ ಮಟ್ಟಿಗೆ ಆ ಯೂನಿಟ್ ಅಂಕಿಯೇ ಎಲ್ಲಕ್ಕಿಂತ ಮುಖ್ಯ. ಅದು 1600 ಗಂಟೆಗಳ ಬಳಕೆಯ ಲೆಕ್ಕ; ಎರಡು ಮಾದರಿಗಳ ವ್ಯತ್ಯಾಸವನ್ನು ನಿಮ್ಮ ಯೂನಿಟ್ ದರದಿಂದ ಗುಣಿಸಿದರೆ ರಿಯಾಯಿತಿ ನಿಜಕ್ಕೂ ಲಾಭವೇ ಎಂಬುದು ಅಂಗಡಿಯಲ್ಲೇ ತಿಳಿಯುತ್ತದೆ. ಒಂದು ಟನ್‌ನದನ್ನು ಒಂದೂವರೆ ಟನ್‌ನದರೊಂದಿಗೆ ಹೋಲಿಸಬೇಡಿ. ನಕ್ಷತ್ರ ಒಂದೇ ಇದ್ದರೂ ದೊಡ್ಡದು ಹೆಚ್ಚು ವಿದ್ಯುತ್ ಬೇಡುತ್ತದೆ.

ಹಳೆಯ ದಾಸ್ತಾನು ಕೊಳ್ಳಲೇಬಾರದು ಎಂದು ಹೇಳುತ್ತಿಲ್ಲ. ಆದರೆ ಅವಧಿ ಮುಗಿದ ಲೇಬಲ್ ತೋರಿಸಿ ‘ಐದು ನಕ್ಷತ್ರ’ ಎಂದು ಮಾರುವವರು ಅದನ್ನು ಗ್ರಾಹಕರಿಗೆ ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ಕೇಳಿ. ಬಿಇಇಯ ಮೊಬೈಲ್ ಆ್ಯಪ್‌ನಲ್ಲಿ ಮಾದರಿಯ ವಿವರವನ್ನು ನೀವೇ ನೋಡಬಹುದು.